ಮೂಲದ ಅಳತೆ

ತುಂಗಭದ್ರೆಯ ದಡದಲ್ಲಿರುವ ಹರಿಹರವು ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್ ದೂರದಲ್ಲಿದೆ. ದಾವಣಗೆರೆಯಲ್ಲಿ ರೇಡಿಯೋ ಗೋಪುರವೊಂದನ್ನು ನಿಲ್ಲಿಸಿದರೆ ಅದರ ತರಂಗವು ಹರಿಹರವನ್ನು ಎಷ್ಟು ಬಲವಾಗಿ ಮುಟ್ಟೀತು? ಗೋಪುರವನ್ನು ಕಟ್ಟುವ ಮೊದಲೇ ಇದನ್ನು ತಿಳಿಯಲು ಗಣಕಯಂತ್ರದಲ್ಲಿ ತರಂಗದ ಅನುಕರಣೆಯನ್ನು ಮಾಡುತ್ತಾರೆ.

ಮ್ಯಾಕ್ಸ್‌ವೆಲ್‌ನ ಸಮೀಕರಣಗಳನ್ನು ಹೀಗೆ ಬಿಡಿಸುವ ಕ್ರಮವನ್ನು ಕೇನ್ ಯೀ ಎಂಬ ವಿಜ್ಞಾನಿ 1966ರಲ್ಲಿ ಪ್ರಕಟಿಸಿದರು. ಬಯಲನ್ನು ಸಣ್ಣ ಸಣ್ಣ ಮನೆಗಳಾಗಿಯೂ ಕಾಲವನ್ನು ಕಿರುಹೆಜ್ಜೆಗಳಾಗಿಯೂ ವಿಭಾಗಿಸಿ, ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರಗಳ ಬದಲಾವಣೆಯನ್ನು ಹೆಜ್ಜೆ ಹೆಜ್ಜೆಗೂ ಗಣಿಸುವುದೇ ಆ ಕ್ರಮ. ತರಂಗವು ಹೊರಡುವ ಮನೆಗೆ ಮೂಲವೆಂದು ಹೆಸರು. ಅಲ್ಲಿ ಕ್ಷೇತ್ರದ ಪಾರವು, ಎಂದರೆ ಏರಿಳಿತದ ಗರಿಷ್ಠ ಬೆಲೆಯು, ತಪ್ಪಾದರೆ ಮುಂದಿನದೆಲ್ಲವೂ ತಪ್ಪು. ಪಾರವು ಇಮ್ಮಡಿಯಾದರೆ ಶಕ್ತಿಯು ನಾಲ್ಮಡಿಯಾಗುತ್ತದೆ. ಗೋಪುರದ ಬಳಿ ದುಡಿಯುವವರು ಎಷ್ಟು ದೂರದಲ್ಲಿದ್ದರೆ ಕ್ಷೇಮವೆಂಬುದನ್ನೂ ಇಂತಹ ಲೆಕ್ಕದಿಂದಲೇ ನಿರ್ಧರಿಸುವುದುಂಟು.

ತಪ್ಪು ನುಸುಳುವುದು ಬಹು ಸುಲಭ. ವಿದ್ಯುತ್ಪ್ರವಾಹದ ಹಾಳೆಯೊಂದನ್ನು ಮೂಲವಾಗಿಟ್ಟರೆ ತರಂಗವು ಅದರ ಎರಡು ಪಕ್ಕಗಳಿಗೂ ಹೊರಡುತ್ತದೆ. ಒಂದೇ ಪಕ್ಕಕ್ಕೆ ಹೋಗುವುದೆಂದು ಭಾವಿಸಿದವನಿಗೆ ನಿರೀಕ್ಷೆಯ ಅರ್ಧದಷ್ಟು ಪಾರ ಮಾತ್ರ ದೊರೆಯುತ್ತದೆ.

ಆದಕಾರಣ ಮೊದಲು ಉತ್ತರ ತಿಳಿದಿರುವ ಸಂದರ್ಭವೊಂದನ್ನು ಗಣಿಸಿ ನೋಡಬೇಕು. ಮರ, ಮನೆ, ಗುಡ್ಡ ಯಾವುದೂ ಇಲ್ಲದ, ನೆಲವೆಲ್ಲ ಪರಿಪೂರ್ಣ ವಾಹಕವಾದ ಸಮತಟ್ಟು ಬಯಲನ್ನು ಕಲ್ಪಿಸಿಕೊಳ್ಳುವುದು. ಅಲ್ಲಿ ನೆಟ್ಟಗೆ ನಿಂತ ಗಿಡ್ಡ ಗೋಪುರವು 1 ಕಿಲೋವಾಟ್ ಶಕ್ತಿಯನ್ನು ಹೊರಸೂಸಿದರೆ, 1 ಕಿಲೋಮೀಟರ್ ದೂರದಲ್ಲಿ ವಿದ್ಯುತ್ ಕ್ಷೇತ್ರವು ಮೀಟರಿಗೆ 300 ಮಿಲಿವೋಲ್ಟ್ ಇರುತ್ತದೆ. ದೂರ ಹೆಚ್ಚಿದಂತೆ ಅದು ಅದೇ ಪ್ರಮಾಣದಲ್ಲಿ ಇಳಿಯುತ್ತದೆ: 7 ಕಿಲೋಮೀಟರಿಗೆ ಸುಮಾರು 43, ಹರಿಹರದಷ್ಟು ದೂರಕ್ಕೆ ಸುಮಾರು 21.

ಗಣಕಯಂತ್ರವು 21ರ ಬದಲು 30 ಎಂದು ತೋರಿಸಿದರೆ? ಗಾಬರಿಗೆ ಕಾರಣವಿಲ್ಲ. 300 ಎಂಬುದು ಕ್ಷೇತ್ರದ ವರ್ಗಮಾಧ್ಯಮೂಲದ ಬೆಲೆ. ಯಂತ್ರವು ತೋರಿಸಿದ್ದು ಪಾರ. ಸಮರೂಪದ ಏರಿಳಿತದಲ್ಲಿ ಪಾರವು ಮೊದಲನೆಯದರ 1.414ರಷ್ಟಿರುವುದರಿಂದ ಎರಡು ಉತ್ತರಗಳೂ ಒಂದೇ. ಈ ಭೇದವನ್ನು ಮರೆತು ಮೂಲವನ್ನು ತಿದ್ದಲು ಹೊರಟರೆ ಸರಿಯಾದ ಲೆಕ್ಕವೇ ಕೆಡುತ್ತದೆ.

ಕಾಲವನ್ನೂ ಗಮನಿಸಬೇಕು. ತರಂಗವು 14 ಕಿಲೋಮೀಟರ್ ಸಾಗಲು ಸುಮಾರು 47 ಮೈಕ್ರೋಸೆಕೆಂಡು ಹಿಡಿಯುತ್ತದೆ. ಅದು ಬಯಲಿನ ಅಂಚಿಗೆ ಬಡಿದು ಹಿಂದಿರುಗಿದರೆ ಮೂಲದ ತರಂಗದೊಡನೆ ಬೆರೆತು ಅಳತೆಯನ್ನು ಕೆಡಿಸುತ್ತದೆ. ಹಿಂದಿರುಗುವ ಮೊದಲೇ ಅಳೆದುಕೊಳ್ಳುವುದು ಲೇಸು.

ಇಷ್ಟಾದ ಬಳಿಕ ನಿಜವಾದ ನೆಲವನ್ನು ಲೆಕ್ಕಕ್ಕೆ ಸೇರಿಸುತ್ತಾರೆ. ಹರಿಹರದ ಅಳತೆಯು ಆಗ 21ಕ್ಕಿಂತ ಕೆಳಗಿಳಿದರೆ, ಆ ಕೊರತೆ ನೆಲದ್ದೇ ಹೊರತು ಮೂಲದ್ದಲ್ಲ. ಭದ್ರಾ ನಾಲೆಯ ನೀರುಂಡ ಗದ್ದೆಗಳ ಮೇಲೆ ತರಂಗವು ಕುಂದುವುದು ಕಡಿಮೆ; ಒಣಗಿದ ಕಲ್ಲುನೆಲದ ಮೇಲೆ ಹೆಚ್ಚು.