ಮನಸ್ಸಿನ ಹಗೆ, ಮೈಗೆ ಹೊರೆ



ವಿರಾರ್‌ನಿಂದ ಚರ್ಚ್‌ಗೇಟ್ ಲೋಕಲ್ ಹತ್ತಿದ್ದೀರಿ. ಹತ್ತು ವರ್ಷದ ಹಿಂದೆ ಊರಿನ ಮನೆ ಪಾಲಾಗುವಾಗ ಅಣ್ಣ ಆಡಿದ ಮಾತು ಇದ್ದಕ್ಕಿದ್ದಂತೆ ನೆನಪಾಗುತ್ತದೆ. ಅಂದು ಕೊಡದ ಉತ್ತರವನ್ನು ಇಂದು ಮನಸ್ಸಿನಲ್ಲೇ ಕೊಡುತ್ತೀರಿ. ಹಲ್ಲು ಬಿಗಿಯುತ್ತದೆ, ಎದೆ ಬಡಿತ ಏರುತ್ತದೆ. ಅಣ್ಣ ಊರಿನಲ್ಲಿ ಹಾಯಾಗಿ ಗಂಜಿ ಉಣ್ಣುತ್ತಿರುತ್ತಾನೆ, ಬಿ.ಪಿ. ಏರಿದ್ದು ನಿಮಗೆ!

ಇದು ತಮಾಷೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಷಾರ್ಲೆಟ್ ವಿಟ್ವ್ಲೀಟ್ ಮತ್ತು ಸಂಗಡಿಗರು 71 ವಿದ್ಯಾರ್ಥಿಗಳಿಗೆ ತಮ್ಮನ್ನು ನೋಯಿಸಿದವರನ್ನು ನೆನೆಯಲು ಹೇಳಿದರು. ಹಗೆಯಿಂದ ನೆನೆದಾಗ ಎದೆ ಬಡಿತ, ರಕ್ತದೊತ್ತಡ, ಬೆವರು, ಹುಬ್ಬಿನ ಬಿಗಿತ ಎಲ್ಲವೂ ಹೆಚ್ಚಾದವು. ಕ್ಷಮಿಸುವಂತೆ ನೆನೆದಾಗ ಅಷ್ಟು ಏರಲಿಲ್ಲ. ಈ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಜಗಳ ಮುಗಿದು ವರ್ಷಗಳಾದರೂ, ನೆನೆದಾಗಲೆಲ್ಲ ಶರೀರ ಮತ್ತೆ ಜಗಳಕ್ಕೆ ಸಿದ್ಧವಾಗುತ್ತದೆ.

ಸಣ್ಣ ಜಗಳವಾದರೆ ಸರಿ, ದೊಡ್ಡ ಅನ್ಯಾಯವಾದರೆ? ನಮ್ಮ ಮುಂಬೈಯಲ್ಲೇ ಉದಾಹರಣೆಯಿದೆ. 2008ರ ನವೆಂಬರ್ 26ರ ದಾಳಿಯಲ್ಲಿ ನರಿಮನ್ ಪಾಯಿಂಟ್‌ನ ಒಬೆರಾಯ್ ಹೋಟೆಲಿನಲ್ಲಿ ಅಮೆರಿಕದ ಕಿಯಾ ಷೆರ್ ಅವರ ಪತಿ ಅಲನ್, 13 ವರ್ಷದ ಮಗಳು ನವೋಮಿ ಇಬ್ಬರೂ ಹತರಾದರು. ಟಿ.ವಿ.ಯಲ್ಲಿ ಕಸಬ್‌ನ ಚಿತ್ರ ಕಂಡಾಗ, ಶಿಲುಬೆಯ ಮೇಲೆ ಯೇಸು ತನ್ನನ್ನು ಕೊಲ್ಲುವವರಿಗಾಗಿಯೇ ಕ್ಷಮೆ ಬೇಡಿದ್ದು ಆ ತಾಯಿಗೆ ನೆನಪಾಯಿತಂತೆ. ಅವರು ಕ್ಷಮಿಸಿದರು. ಮುಂದೆ ಇದೇ ಮುಂಬೈಗೆ ಬಂದು ಶಾಂತಿಯ ಕೆಲಸ ಮಾಡಿದರು. ಕಾನೂನು ತನ್ನ ದಾರಿ ಹಿಡಿಯಿತು. 2012ರಲ್ಲಿ ಕಸಬ್‌ಗೆ ಗಲ್ಲಾಯಿತು. ಕ್ಷಮೆ ಎಂದರೆ ತಪ್ಪನ್ನು ಸರಿ ಎನ್ನುವುದಲ್ಲ, ಕೇಸು ವಾಪಸ್ ಪಡೆಯುವುದೂ ಅಲ್ಲ. ಹೊಡೆಯುವ ಗಂಡನ ಮನೆಗೆ ಮರಳಿ ಹೋಗು ಎಂದು "ಕ್ಷಮೆ"ಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಹೇಳುವ ಹಿರಿಯರು ಇದನ್ನು ಎರಡು ಸಲ ಓದಬೇಕು.

ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕೇ ಎಂದು ಪೇತ್ರನು ಕೇಳಿದಾಗ ಯೇಸು ಕೊಟ್ಟ ಲೆಕ್ಕ ಏಳೆಪ್ಪತ್ತು ಸಲ. ಏಳೆಪ್ಪತ್ತು ಹೊಸ ತಪ್ಪುಗಳೇ ಆಗಬೇಕೆಂದಿಲ್ಲ. ಒಂದೇ ತಪ್ಪು ಸೋಮವಾರ ಕ್ಷಮಿಸಿದರೆ ಮಂಗಳವಾರ ಅಂಧೇರಿ ದಾಟುವಾಗ ಮತ್ತೆ ನೆನಪಾಗುತ್ತದಲ್ಲ, ಆಗ ಮತ್ತೆ ಕ್ಷಮಿಸಬೇಕು. ನನಗಂತೂ ಆ ಲೆಕ್ಕ ಅರ್ಥವಾದದ್ದು ಹೀಗೆ.

ಮಾಡುವುದು ಹೇಗೆ? ಎವೆರೆಟ್ ವರ್ದಿಂಗ್ಟನ್ ಎಂಬ ಕ್ರೈಸ್ತ ಮನಶ್ಶಾಸ್ತ್ರಜ್ಞರು ಕ್ಷಮೆಯ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದಾಗ ಅವರ ತಾಯಿಯನ್ನು ಮನೆಗೆ ನುಗ್ಗಿದವರು ಕೊಂದರು. ತಾನು ಕಲಿಸುತ್ತಿದ್ದುದನ್ನೇ ಅವರು ಮಾಡಬೇಕಾಯಿತು. ಅವರ ಕ್ರಮ ಇದು: ನಡೆದದ್ದನ್ನು ಬೈಗುಳವಿಲ್ಲದೆ ನೆನೆಯಿರಿ. ಎದುರಿನವರು ಯಾವ ಭಯದಲ್ಲಿ, ಯಾವ ಒತ್ತಡದಲ್ಲಿ ಹಾಗೆ ಮಾಡಿರಬಹುದು ಎಂದು ಯೋಚಿಸಿ. ನಿಮ್ಮನ್ನು ಯಾರೋ ಕ್ಷಮಿಸಿದ ದಿನವನ್ನು ನೆನಪಿಸಿಕೊಂಡು, ಅದನ್ನೇ ಇವರಿಗೂ ಕೊಡಿ. ಕ್ಷಮಿಸಿದ್ದೇನೆಂದು ಒಂದು ಚೀಟಿಯಲ್ಲಿ ತಾರೀಖು ಹಾಕಿ ಬರೆದಿಡಿ. ನೋವು ಮರಳಿ ಬಂದರೆ ಹೆದರಬೇಡಿ, ಆ ಚೀಟಿ ತೆಗೆದು ನೋಡಿ. ಅಣ್ಣನಿಗೆ ಫೋನ್ ಮಾಡಲೇಬೇಕೆಂದಿಲ್ಲ, ಅವನು ತಪ್ಪೊಪ್ಪಿಕೊಳ್ಳುವವರೆಗೆ ಕಾಯಬೇಕಾಗಿಯೂ ಇಲ್ಲ.

ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಮಾತ್ರೆಯನ್ನು ಮಾತ್ರ ಡಾಕ್ಟರನ್ನು ಕೇಳದೆ ಬಿಡಬೇಡಿ.