ಕಾಗೆ ಮೊಟ್ಟೆ: ಮಕ್ಕಳೊಡನೆ ಕೂತು ನೋಡಬೇಕಾದ ಚಿತ್ರ

ಈ ಸಲದ ಪಾಠಕ್ಕೆ ನಾವು ಒಂದು ತಮಿಳು ಚಿತ್ರವನ್ನು ಆರಿಸಿಕೊಂಡಿದ್ದೇವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂದು ಬೆಳೆಯುವ ನಮ್ಮ ಮಕ್ಕಳಿಗೆ ಇದರ ಮಾತು ಸುಲಭವಾಗಿ ತಿಳಿಯುತ್ತದೆ. ಅರ್ಥವಾಗದ ಕಡೆ ಅಜ್ಜ ಅಜ್ಜಿಗೆ ಅವರೇ ಬಿಡಿಸಿ ಹೇಳಲಿ. ಚಿತ್ರದ ಹೆಸರು ‘ಕಾಕಾ ಮುಟ್ಟೈ’, ಎಂದರೆ ಕಾಗೆ ಮೊಟ್ಟೆ. ಎಂ. ಮಣಿಕಂಡನ್ ನಿರ್ದೇಶಿಸಿದ ಮೊದಲ ಚಿತ್ರವಿದು, ಛಾಯಾಗ್ರಹಣವೂ ಅವರದೇ. 2014ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ತೆರೆಕಂಡು, 2015ರ ಜೂನ್‌ನಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅಣ್ಣತಮ್ಮಂದಿರಾಗಿ ನಟಿಸಿದ ವಿಘ್ನೇಶ್, ರಮೇಶ್ ಇಬ್ಬರಿಗೂ ಬಾಲನಟ ಪ್ರಶಸ್ತಿ ಸಿಕ್ಕಿತು.

ಕಥೆ ಚೆನ್ನೈನ ಒಂದು ಕೊಳೆಗೇರಿಯದು. ಅಪ್ಪ ಜೈಲಿನಲ್ಲಿದ್ದಾನೆ. ಅವನನ್ನು ಬಿಡಿಸಿಕೊಳ್ಳಲು ಅಮ್ಮ ದುಡಿದದ್ದೆಲ್ಲ ವಕೀಲರ ಕಡೆಗೆ ಹೋಗುತ್ತದೆ. ಹುಡುಗರಿಬ್ಬರೂ ಶಾಲೆ ಬಿಟ್ಟಿದ್ದಾರೆ. ರೈಲಿನಿಂದ ಹಳಿಯ ಪಕ್ಕ ಉದುರಿದ ಕಲ್ಲಿದ್ದಲು ಆಯ್ದು ಮಾರುತ್ತಾರೆ. ಕೋಳಿಮೊಟ್ಟೆಗೆ ಕಾಸಿಲ್ಲ, ಆದ್ದರಿಂದ ಮರದ ಮೇಲಿನ ಗೂಡಿನಿಂದ ಕಾಗೆ ಮೊಟ್ಟೆ ತೆಗೆದು ಕುಡಿಯುತ್ತಾರೆ. ಒಂದು ದಿನ ಆ ಮರವನ್ನೇ ಕಡಿದು ಅಲ್ಲೊಂದು ಪಿಜ್ಜಾ ಅಂಗಡಿ ಕಟ್ಟುತ್ತಾರೆ. ಸಿನಿಮಾ ನಟನೊಬ್ಬ ಬಂದು ಉದ್ಘಾಟಿಸಿ, ಒಂದು ತುಂಡು ಬಾಯಿಗಿಟ್ಟುಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಹುಡುಗರಿಗೆ ಒಂದೇ ಆಸೆ. ಬೆಲೆ 299 ರೂಪಾಯಿ.

ಇಲ್ಲಿ ಸ್ವಲ್ಪ ನಿಲ್ಲೋಣ. ತಮಿಳುನಾಡಿನ ಸರ್ಕಾರಿ ಶಾಲೆಗಳ ಮಧ್ಯಾಹ್ನದ ಊಟದಲ್ಲಿ 1989ರಿಂದಲೂ ಮೊಟ್ಟೆ ಇದೆ. ಮೊದಲು ಎರಡು ವಾರಕ್ಕೊಂದು, ಬರಬರುತ್ತ ವಾರಕ್ಕೆ ಐದು ದಿನ. 2022ರಿಂದ ಬೆಳಗಿನ ತಿಂಡಿಯೂ ಸೇರಿತು. ಹಾಗಿದ್ದರೂ ಈ ಹುಡುಗರಿಗೆ ಮೊಟ್ಟೆ ಬೇಕೆಂದರೆ ಮರ ಹತ್ತಬೇಕು. ಮೊಟ್ಟೆ ಶಾಲೆಯ ಒಳಗಿದೆ, ಅವರು ಹೊರಗಿದ್ದಾರೆ. ಶಾಲೆ ಬಿಟ್ಟ ಮಗು ಕಳೆದುಕೊಳ್ಳುವುದು ಓದನ್ನು ಮಾತ್ರ ಎಂದು ನಾವು ಅಂದುಕೊಳ್ಳುತ್ತೇವೆ, ತಟ್ಟೆಯನ್ನೂ ಕಳೆದುಕೊಳ್ಳುತ್ತದೆ. ಚಿತ್ರ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ನಾವೇ ಕಂಡುಕೊಳ್ಳಬೇಕು.

ಹುಡುಗರು ಕಾಸು ಕೂಡಿಸಿಕೊಂಡು ಅಂಗಡಿಗೆ ಹೋಗುತ್ತಾರೆ. ಕೈಯಲ್ಲಿ ಹಣವಿದೆ, ಆದರೂ ಕಾವಲುಗಾರ ಒಳಗೆ ಬಿಡುವುದಿಲ್ಲ. ಬಟ್ಟೆ ಸರಿಯಿಲ್ಲ. ಸರಿ, ಒಳ್ಳೆಯ ಬಟ್ಟೆಯೂ ಆಗಲಿ ಎಂದು ಶ್ರೀಮಂತರ ಮನೆಯ ಹುಡುಗರಿಗೆ ಪಾನಿಪೂರಿ ಕೊಡಿಸಿ ಅವರ ಹೊಸ ಬಟ್ಟೆ ಪಡೆಯುತ್ತಾರೆ. ಅದನ್ನು ಹಾಕಿಕೊಂಡು ಹೋದರೂ ಬಾಗಿಲಲ್ಲಿ ಸಿಗುವುದು ಕಪಾಳಮೋಕ್ಷ. ಬಟ್ಟೆ ಬದಲಾದರೂ ಮುಖ ಬದಲಾಗಲಿಲ್ಲವಲ್ಲ! ನಗುನಗುತ್ತ ನೋಡುತ್ತಿದ್ದ ಮಕ್ಕಳು ಇಲ್ಲಿ ತಟ್ಟನೆ ಸುಮ್ಮನಾಗುತ್ತಾರೆ. ದೊಡ್ಡವರಾದ ನಮಗೂ ಈ ಬಾಗಿಲು ಹೊಸದಲ್ಲ. ಹಬ್ಬದ ಊಟದಲ್ಲಿ ಯಾರಿಗೆ ಕುರ್ಚಿ ಎಳೆದು ಕೂರಿಸುತ್ತೇವೆ, ಯಾರಿಗೆ ಮುಂದಿನ ಪಂಕ್ತಿಗೆ ಬಾ ಎನ್ನುತ್ತೇವೆ ಎಂಬುದನ್ನು ನೆನೆದರೆ ಸಾಕು.

ನಮಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಇನ್ನೊಂದು ಚಿಕ್ಕ ದೃಶ್ಯ. ಬೇಲಿಯ ಆಚೆಯ ಶ್ರೀಮಂತ ಹುಡುಗ ತಾನು ತಿಂದು ಉಳಿದ ಪಿಜ್ಜಾ ತುಂಡನ್ನು ಕೊಡಲು ಬರುತ್ತಾನೆ. ಅವನಲ್ಲಿ ಕೆಟ್ಟ ಮನಸ್ಸಿಲ್ಲ. ತಮ್ಮನಿಗೆ ಆಸೆ, ಅಣ್ಣ ಬೇಡವೆಂದು ಎಳೆದುಕೊಂಡು ಹೋಗುತ್ತಾನೆ. ಎಂಜಲು ಬೇಡ. ದಾನ ಕೊಡುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸುತ್ತೇವೆ, ಒಳ್ಳೆಯದೇ. ತೆಗೆದುಕೊಳ್ಳುವವನ ಮನಸ್ಸು ಹೇಗಿರುತ್ತದೆ ಎಂದು ಕಲಿಸುವುದು ಅಪರೂಪ.

ಇನ್ನು ಅಜ್ಜಿ. ಧರ್ಮಪುರಿ ಕಡೆಯ ಹಳ್ಳಿಗಳಲ್ಲಿ ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೋ ಹೊಸೂರಿಗೋ ಹೋದಾಗ ಮಕ್ಕಳನ್ನು ನೋಡಿಕೊಳ್ಳುವವರು ಯಾರೆಂದು ನಮಗೆಲ್ಲ ಗೊತ್ತು. ಚಿತ್ರದ ಅಜ್ಜಿ ಮೊಮ್ಮಕ್ಕಳ ಆಸೆ ನೋಡಲಾರದೆ, ಜಾಹೀರಾತು ಚೀಟಿಯ ಚಿತ್ರ ನೋಡಿಕೊಂಡೇ ದೋಸೆಹಿಟ್ಟಿನ ಮೇಲೆ ತರಕಾರಿ ಹಾಕಿ ಪಿಜ್ಜಾ ಮಾಡುತ್ತಾಳೆ. ಹುಡುಗರು ಒಪ್ಪುವುದಿಲ್ಲ; ಎಳೆದರೆ ನೂಲು ಬರಬೇಕಂತೆ! ಈ ಅಜ್ಜಿಯ ಮುಖವನ್ನು ಮರೆಯುವುದು ಕಷ್ಟ.

ಇಂಥ ಮಕ್ಕಳ ಕಥೆಗಳು ಕನ್ನಡದಲ್ಲೂ ಇವೆ. ಬಾಲಕ ಕಿಶನ್ ನಿರ್ದೇಶಿಸಿದ ‘ಕೇರ್ ಆಫ್ ಫುಟ್‌ಪಾತ್’ (2006) ಮತ್ತು ಪೃಥ್ವಿ ಕೊಣನೂರು ಅವರ ‘ರೈಲ್ವೇ ಚಿಲ್ಡ್ರನ್’ (2016) ಸಿಕ್ಕರೆ ನೋಡಿ. ಎರಡನೆಯದು ಮನೆ ಬಿಟ್ಟು ರೈಲು ನಿಲ್ದಾಣ ಸೇರಿದ ಮಕ್ಕಳದು, ಸ್ವಲ್ಪ ಕಠಿಣ, ಚಿಕ್ಕವರಿಗೆ ಬೇಡ.

‘ಕಾಕಾ ಮುಟ್ಟೈ’ ಎರಡು ಗಂಟೆಗಿಂತ ಕಡಿಮೆ. ಮಕ್ಕಳನ್ನು ಮುಂದೆ ಕೂರಿಸಿ ನಾವು ಅಡುಗೆಮನೆಗೆ ಹೋಗುವುದಲ್ಲ, ಜೊತೆಗೇ ಕೂರಬೇಕು. ಎರಡು ಕಡೆ ನಿಲ್ಲಿಸಿ ಮಾತಾಡಿ. ಎಂಜಲು ಪಿಜ್ಜಾದ ಹತ್ತಿರ, ‘ನೀನಾಗಿದ್ದರೆ ತೆಗೆದುಕೊಳ್ಳುತ್ತಿದ್ದೆಯಾ?’ ಎಂದು ಕೇಳಿ. ಬಾಗಿಲಿನ ಹೊಡೆತದ ಹತ್ತಿರ, ಕಾವಲುಗಾರನ ಸಂಬಳ ಎಷ್ಟಿದ್ದೀತು, ಅವನ ಮಕ್ಕಳು ಆ ಅಂಗಡಿಯಲ್ಲಿ ತಿಂದಿರಬಹುದೇ ಎಂದು ಕೇಳಿ. ಅವನೂ ಬಡವನೇ ಎಂಬುದು ಮಕ್ಕಳಿಗೆ ಬೇಗ ಹೊಳೆಯುತ್ತದೆ, ನಮಗೆ ಸ್ವಲ್ಪ ತಡ.

ಕೊನೆಯ ದೃಶ್ಯದಲ್ಲಿ ನಿಲ್ಲಿಸಬೇಡಿ. ಹೊಡೆತದ ವಿಡಿಯೋ ಊರೆಲ್ಲ ಹರಡಿ, ಅಂಗಡಿಯ ಮಾಲೀಕರೇ ಮರ್ಯಾದೆಯಿಂದ ಕರೆದು ಪಿಜ್ಜಾ ಬಡಿಸುತ್ತಾರೆ. ಅಷ್ಟು ಹೊತ್ತಿಗೆ ಅಜ್ಜಿ ತೀರಿಹೋಗಿದ್ದಾಳೆ. ಒಂದು ತುಂಡು ತಿಂದು ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಜ್ಜಿಯ ದೋಸೆಯೇ ಇದಕ್ಕಿಂತ ರುಚಿಯಾಗಿತ್ತು ಎನ್ನುತ್ತಾರೆ. ಯಾಕೆ ಹಾಗೆಂದರು ಎಂದು ನಿಮ್ಮ ಮಗುವನ್ನು ಕೇಳಿ, ಉತ್ತರವನ್ನು ನೀವೇ ಹೇಳಿಬಿಡಬೇಡಿ.