ತಾತ್ಕಾಲಿಕ ಸಾಲುಗಳು: ಉತ್ತರ ಬಾರದಿದ್ದರೆ ಎಲ್ಲಿ ಹುಡುಕಬೇಕು?

ಎರಡು ಗಣಕ ಪ್ರೋಗ್ರಾಂಗಳು ಪರಸ್ಪರ ನೇರವಾಗಿ ಮಾತನಾಡದೆ, ಮೂರನೆಯದೊಂದರ ಕೈಗೆ ಸಂದೇಶಗಳನ್ನು ಒಪ್ಪಿಸಿ ವ್ಯವಹರಿಸುವ ಪದ್ಧತಿಯೊಂದುಂಟು. ಈ ಮೂರನೆಯದಕ್ಕೆ ಬ್ರೋಕರ್ ಎಂದು ಹೆಸರು. ಅದು ಬಂದ ಸಂದೇಶಗಳನ್ನು ಸಾಲಾಗಿ ಇಟ್ಟುಕೊಂಡು, ಪಡೆಯಬೇಕಾದವರು ಕೇಳಿದಾಗ ಒಂದೊಂದಾಗಿ ಕೊಡುತ್ತದೆ. ಕಳುಹಿಸುವ ಹೊತ್ತಿನಲ್ಲಿ ಪಡೆಯುವವನು ಇಲ್ಲದಿದ್ದರೂ ಕೆಲಸ ಕೆಡದು. ಇದೇ ಈ ಪದ್ಧತಿಯ ಹೆಚ್ಚುಗಾರಿಕೆ. ಜಾವಾ ಭಾಷೆಯ ಪ್ರೋಗ್ರಾಂಗಳಿಗೆ ಬೇಕಾದ ಇಂತಹ ನಿಯಮಗಳನ್ನು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ೧೯೯೮ರಲ್ಲಿ ‘ಜಾವಾ ಮೆಸೇಜ್ ಸರ್ವಿಸ್’ ಎಂಬ ಹೆಸರಿನಿಂದ ಪ್ರಕಟಿಸಿತು. ೨೦೦೨ರಲ್ಲಿಯೂ ೨೦೧೩ರಲ್ಲಿಯೂ ಪರಿಷ್ಕಾರ ಹೊಂದಿದ ಆ ನಿಯಮಾವಳಿಯು ಈಗ ‘ಜಕಾರ್ತ ಮೆಸೇಜಿಂಗ್’ ಎಂಬ ಹೆಸರಿನಲ್ಲಿ ಮುಂದುವರಿದಿದೆ.

ಪತ್ರ ಬರೆದವನು ಉತ್ತರವನ್ನು ಬಯಸಿದರೆ ತನ್ನ ವಿಳಾಸವನ್ನೂ ಬರೆಯಬೇಕಷ್ಟೆ. ಸಂದೇಶದ ಮೇಲ್ಬರಹದಲ್ಲಿ ‘ರಿಪ್ಲೈ ಟು’ ಎಂಬ ಸ್ಥಾನವಿರುವುದು ಇದಕ್ಕಾಗಿಯೇ. ಆ ಸ್ಥಾನದಲ್ಲಿ ಅನೇಕ ವೇಳೆ ತಾತ್ಕಾಲಿಕ ಸಾಲೊಂದರ ಹೆಸರನ್ನು ಬರೆಯುತ್ತಾರೆ. ಯಾತ್ರಿಕನೊಬ್ಬನು ಛತ್ರದಲ್ಲಿ ಇಳಿದುಕೊಂಡು, ಆ ಕೊಠಡಿಯ ಸಂಖ್ಯೆಯನ್ನೇ ವಿಳಾಸವಾಗಿ ಕೊಟ್ಟಂತೆ ಇದು. ಅವನು ಅಲ್ಲಿರುವಷ್ಟು ಕಾಲ ವಿಳಾಸವು ಸರಿ. ಹೊರಟುಹೋದ ಮೇಲೆ ಬಂದ ಪತ್ರಕ್ಕೆ ಗತಿಯಿಲ್ಲ. ತಾತ್ಕಾಲಿಕ ಸಾಲಿನ ಆಯುಷ್ಯವು, ಅದನ್ನು ನಿರ್ಮಿಸಿದ ಪ್ರೋಗ್ರಾಂಗೂ ಬ್ರೋಕರಿಗೂ ನಡುವೆ ಇರುವ ಸಂಪರ್ಕದ ಆಯುಷ್ಯವೇ. ಸಂಪರ್ಕವು ಮುಚ್ಚಿದೊಡನೆ ಸಾಲೂ ಅದರೊಳಗಿದ್ದ ಸಂದೇಶಗಳೂ ಅಳಿದುಹೋಗುತ್ತವೆ. ಅಲ್ಲದೆ, ಅದಕ್ಕೆ ಯಾರು ಬೇಕಾದರೂ ಸಂದೇಶ ಕಳುಹಿಸಬಹುದಾದರೂ, ಅದರಿಂದ ಓದುವ ಅಧಿಕಾರವು ನಿರ್ಮಿಸಿದ ಸಂಪರ್ಕಕ್ಕೆ ಮಾತ್ರ ಉಂಟು. ಬೇರೊಂದು ಸಂಪರ್ಕದಿಂದ ಓದಲು ಹೋದವನಿಗೆ ದೋಷದ ಸೂಚನೆಯೇ ಉತ್ತರ.

ಟಿಕೆಟ್ ಮಾರುವ ಪ್ರೋಗ್ರಾಂ ಒಂದು, ಗಿರಾಕಿಯ ಖಾತೆಯಿಂದ ಹಣ ತೆಗೆಯುವಂತೆ ಇನ್ನೊಂದು ಪ್ರೋಗ್ರಾಂಅನ್ನು ಕೇಳಿ, ೩೦ ಸೆಕೆಂಡುಗಳವರೆಗೆ ಉತ್ತರಕ್ಕಾಗಿ ಕಾಯುತ್ತದೆಯೆಂದು ವಾಚಕರು ಭಾವಿಸಲಿ. ಉತ್ತರ ಬರಲಿಲ್ಲ. ಆಗ ಮೊದಲು ಪರೀಕ್ಷಿಸಬೇಕಾದುದು, ಪ್ರಶ್ನೆಯು ನಿಜವಾಗಿ ಹೊರಟಿದೆಯೇ ಎಂಬುದನ್ನು. ಕಳುಹಿಸಿದ್ದು ಟ್ರಾನ್ಸಾಕ್ಷನ್ನಿನ ಒಳಗಾದರೆ, ‘ಕಮಿಟ್’ ಎಂದು ಹೇಳುವವರೆಗೂ ಬ್ರೋಕರ್ ಆ ಸಂದೇಶವನ್ನು ಯಾರಿಗೂ ಕೊಡುವುದಿಲ್ಲ. ಉತ್ತರ ಬಂದ ಮೇಲೆ ಕಮಿಟ್ ಮಾಡೋಣವೆಂದು ಕಾದು ಕುಳಿತವನು, ಅಂಚೆಪೆಟ್ಟಿಗೆಗೆ ಹಾಕದ ಕಾಗದಕ್ಕೆ ಉತ್ತರವನ್ನು ನಿರೀಕ್ಷಿಸುತ್ತಿರುತ್ತಾನೆ. ಸಂಪರ್ಕವನ್ನು ‘ಸ್ಟಾರ್ಟ್’ ಮಾಡಲು ಮರೆತರೂ ಇದೇ ಮೌನ. ಆಗ ಸಂದೇಶಗಳು ಹೋಗುತ್ತವೆ, ಒಳಗೆ ಬರುವುದಿಲ್ಲ.

ಇವು ಸುಲಭವಾಗಿ ಸಿಕ್ಕುವ ದೋಷಗಳು. ಪ್ರಶ್ನೆ ತಲುಪಿ, ಹಣವನ್ನೂ ತೆಗೆದಾದ ಮೇಲೆ, ಉತ್ತರ ಹೊರಡುವ ಮುನ್ನ ಕೇಳಿದವನ ಸಂಪರ್ಕವು ಕಡಿದುಹೋದರೆ ಕಷ್ಟವು ಬೇರೆಯೇ ಬಗೆಯದು. ಈಗ ಉತ್ತರದ ಸಾಲು ಇಲ್ಲ. ಅದಕ್ಕೆ ಕಳುಹಿಸಹೊರಟ ಪ್ರೋಗ್ರಾಂಗೆ ‘ಆ ಸಾಲು ಇಲ್ಲ’ ಎಂಬ ದೋಷ ಬರುತ್ತದೆ. ಅದು ಬೆದರಿ ತನ್ನ ಟ್ರಾನ್ಸಾಕ್ಷನ್ನನ್ನು ಹಿಂತೆಗೆದುಕೊಂಡರೆ, ಬ್ರೋಕರ್ ಅದೇ ಪ್ರಶ್ನೆಯನ್ನು ಮತ್ತೆ ಕೊಡುತ್ತದೆ. ಅಪಾಚೆಯ ಆ್ಯಕ್ಟಿವ್‌ಎಂಕ್ಯೂ ಎಂಬ ಪ್ರಸಿದ್ಧ ಬ್ರೋಕರಿನ ವಾಡಿಕೆಯಂತೆ ಹೀಗೆ ೬ ಬಾರಿ ಮರುವಿತರಣೆ ನಡೆದು, ಬಳಿಕ ಸಂದೇಶವು ಸತ್ತ ಪತ್ರಗಳ ಸಾಲಿಗೆ ಸೇರುತ್ತದೆ. ಹಣ ತೆಗೆಯುವ ಕಾರ್ಯವು ಆ ಟ್ರಾನ್ಸಾಕ್ಷನ್ನಿನ ಹೊರಗಿದ್ದರೆ, ಪ್ರತಿ ಸಾರಿಯೂ ಗಿರಾಕಿಯ ಖಾತೆಯಿಂದ ಹಣ ಹೋಗುವುದು! ಅತ್ತ ಉತ್ತರ ಕಾಣದ ಟಿಕೆಟಿನ ಪ್ರೋಗ್ರಾಂ ಕೂಡ ತಾನೇ ಇನ್ನೊಮ್ಮೆ ಕೇಳಬಹುದು. ಸಂಪರ್ಕವು ಕಡಿದಾಗ ಮರಳಿ ಜೋಡಿಸಿ, ಅದೇ ಹೆಸರಿನ ಸಾಲನ್ನು ಮತ್ತೆ ನಿರ್ಮಿಸುವ ಏರ್ಪಾಡು ಆ್ಯಕ್ಟಿವ್‌ಎಂಕ್ಯೂವಿನಲ್ಲಿ ಇದೆಯಾದರೂ, ನಡುವಿನ ಕ್ಷಣಗಳಲ್ಲಿ ಬಂದ ಉತ್ತರಕ್ಕೆ ಅದು ಹೊಣೆಯಲ್ಲ. ಆದಕಾರಣ ಪ್ರತಿಯೊಂದು ಪ್ರಶ್ನೆಗೂ ಅದರದೇ ಆದ ಸಂಖ್ಯೆಯನ್ನಿತ್ತು, ತೀರಿಸಿದ ಸಂಖ್ಯೆಗಳ ದಾಖಲೆಯನ್ನು ಉತ್ತರಿಸುವವನು ಇಟ್ಟುಕೊಳ್ಳಬೇಕು. ಅದೇ ಸಂಖ್ಯೆ ಮತ್ತೆ ಬಂದರೆ ಹಣವನ್ನು ಮುಟ್ಟದೆ ಹಳೆಯ ಉತ್ತರವನ್ನೇ ಕೊಡಬೇಕು. ಸಂಪರ್ಕ ಹೋದರೂ ಉತ್ತರ ಉಳಿಯಲೇಬೇಕೆಂಬ ವ್ಯವಹಾರಕ್ಕೆ ತಾತ್ಕಾಲಿಕ ಸಾಲು ತಕ್ಕದ್ದಲ್ಲ. ಅಲ್ಲಿ ಸ್ಥಿರವಾದ ಸಾಲೇ ಬೇಕು.

ಉತ್ತರ ಬಾರದಿರುವುದಕ್ಕಿಂತಲೂ ಕೆಟ್ಟದ್ದು, ತಪ್ಪು ಉತ್ತರ ಬರುವುದು. ಮೊದಲನೆಯ ಗಿರಾಕಿಗಾಗಿ ೩೦ ಸೆಕೆಂಡು ಕಾದು ಬೇಸತ್ತ ಪ್ರೋಗ್ರಾಂ, ಅದೇ ಸಾಲನ್ನು ಇಟ್ಟುಕೊಂಡು ಎರಡನೆಯವನ ಪ್ರಶ್ನೆಯನ್ನು ಕಳುಹಿಸಿತೆನ್ನೋಣ. ಅಷ್ಟರಲ್ಲಿ ಮೊದಲನೆಯವನ ಉತ್ತರ ತಡವಾಗಿ ಬಂದು ಸೇರುತ್ತದೆ. ಸಾಲಿನ ಮೊದಲ ಸಂದೇಶವನ್ನೇ ಕಣ್ಣುಮುಚ್ಚಿ ತೆಗೆದುಕೊಂಡರೆ ಒಬ್ಬನ ಟಿಕೆಟ್ ಇನ್ನೊಬ್ಬನಿಗೆ ಹೋಯಿತು. ಅಲ್ಲಿಂದ ಮುಂದೆ ಎಲ್ಲರದೂ ಒಂದೊಂದು ಹೆಜ್ಜೆ ತಪ್ಪು. ದೋಷಸೂಚನೆ ಎಲ್ಲಿಯೂ ಮೂಡದ ಕಾರಣ ಇದು ಬಹುಕಾಲ ಅಡಗಿರಬಲ್ಲುದು. ಇದನ್ನು ತಪ್ಪಿಸಲೆಂದೇ ‘ಕೊರಿಲೇಶನ್ ಐಡಿ’ ಎಂಬ ಗುರುತು ಇದೆ. ಪ್ರಶ್ನೆಯ ಸಂದೇಶಸಂಖ್ಯೆಯನ್ನು ಉತ್ತರಿಸುವವನು ಆ ಸ್ಥಾನದಲ್ಲಿ ನಕಲು ಮಾಡುತ್ತಾನೆ. ಕೇಳಿದವನು ಅದನ್ನು ಹೋಲಿಸಿ ನೋಡಿ, ಹೊಂದದ ಉತ್ತರವನ್ನು ಬದಿಗಿಡುತ್ತಾನೆ. ನಕಲು ಮಾಡಿದರೆ ಸಾಲದು, ಹೋಲಿಸಬೇಕು.

ಈ ತೊಡಕೇ ಬೇಡವೆಂದು ಕೆಲವರು ಪ್ರತಿ ಪ್ರಶ್ನೆಗೂ ಹೊಸ ಸಾಲೊಂದನ್ನು ನಿರ್ಮಿಸುವುದುಂಟು. ಹಳೆಯದನ್ನು ‘ಡಿಲೀಟ್’ ಮಾಡದೆ ಬಿಟ್ಟು, ಸಂಪರ್ಕವನ್ನೂ ದಿನಗಟ್ಟಲೆ ತೆರೆದಿಟ್ಟರೆ, ಒಂದೂ ಅಳಿಯದೆ ಬ್ರೋಕರಿನ ಸ್ಮರಣಕೋಶವು ಮೆಲ್ಲಮೆಲ್ಲನೆ ತುಂಬುತ್ತದೆ. ಸಂಪರ್ಕಕ್ಕೆ ಒಂದೇ ಸಾಲನ್ನಿಟ್ಟು, ಗುರುತಿನಿಂದ ಉತ್ತರಗಳನ್ನು ಬೇರ್ಪಡಿಸುವುದೇ ಲೇಸು. ತುಂಬಿಸುತ್ತಿರುವವರು ಯಾರೆಂದು ತಿಳಿಯಲು ಆ್ಯಕ್ಟಿವ್‌ಎಂಕ್ಯೂವಿನಲ್ಲಿ ಸಾಲಿನ ಹೆಸರನ್ನೇ ಓದಬಹುದು. ಗೊಂದಲವೆಂದು ತೋರುವ ಆ ಉದ್ದನೆಯ ಹೆಸರಿನೊಳಗೆ, ಸಾಲನ್ನು ನಿರ್ಮಿಸಿದ ಗಣಕದ ಹೆಸರೂ, ಅಲ್ಲಿನ ಪ್ರೋಗ್ರಾಂ ಆರಂಭವಾದ ಹೊತ್ತು ೧೯೭೦ರ ಆದಿಯಿಂದ ಎಣಿಸಿದ ಮಿಲಿಸೆಕೆಂಡುಗಳಲ್ಲಿಯೂ ಇರುತ್ತವೆ; ಯಾವ ಯಂತ್ರದ ಯಾವ ಪ್ರೋಗ್ರಾಂಅನ್ನು ಬಿಚ್ಚಿ ನೋಡಬೇಕೆಂಬುದು ಅಲ್ಲಿಯೇ ಸಿಕ್ಕುತ್ತದೆ.